ನಮ್ಮ ಘಟ್ಟದ್ದೇ ಆದ ಕೋನಿಫರ್ ಮರ: ದೊಡ್ಡ ಹಿತ್ತಲಲ್ಲಿ ಬೆಳೆಸುವುದು ಹೇಗೆ?

ಬ್ಯಾಣದಂಚು (ಪ್ರಶ್ನೆ)

ಜಾಗ ಇರುವುದು ತೀರ್ಥಹಳ್ಳಿ ತಾಲೂಕಿನ ಪಶ್ಚಿಮಕ್ಕೆ, ಆಗುಂಬೆ ದಿಕ್ಕಿನಲ್ಲಿ. ಒಟ್ಟು ಎರಡೂವರೆ ಎಕರೆ. ಕೆಳಗೆ ಅಡಿಕೆ ತೋಟ, ಮನೆ ಹಿಂದೆ ಅರ್ಧ ಎಕರೆ ಹಿತ್ತಲು, ಅದರ ಮೇಲೆ ಇಳಿಜಾರು ಬ್ಯಾಣ (ಹುಲ್ಲುಗಾವಲು). ಮೇಲ್ಮಣ್ಣು ಒಂದೂವರೆ ಅಡಿ, ಅದರಡಿಗೆ ಜಂಬಿಟ್ಟಿಗೆ. ಮಳೆಗಾಲದಲ್ಲಿ ಹಿತ್ತಲಿನ ತಗ್ಗಲ್ಲಿ ಒರತೆ ಏಳುತ್ತದೆ. ಮಾರ್ಚ್ ಬಂತೆಂದರೆ ಬ್ಯಾಣ ಪೂರ್ತಿ ಒಣಗಿ ನಿಲ್ಲುತ್ತದೆ. ಬಾವಿ ಇದೆ, ಡ್ರಿಪ್ ಎಳೆಯಲು ತೊಂದರೆ ಇಲ್ಲ.

ಹಿತ್ತಲಲ್ಲಿ ಕೋನಿಫರ್ ಜಾತಿಯ (ಪೈನ್, ದೇವದಾರುವಿನ ಬಳಗದ) ದೊಡ್ಡ ಮರ ಬೇಕು ಎಂಬ ಆಸೆ. ನರ್ಸರಿಯಲ್ಲಿ ಕೇಳಿದರೆ ಕ್ರಿಸ್‌ಮಸ್ ಟ್ರೀ, ಪೈನ್, ಸಿಲ್ವರ್ ಓಕ್ ತೋರಿಸುತ್ತಾರೆ. ಹೊರಗಿನದು ಬೇಡ. ಪಶ್ಚಿಮ ಘಟ್ಟದಲ್ಲಿ ತಾನಾಗಿ ಬೆಳೆಯುವ ಕೋನಿಫರ್ ಅಂತ ಇದೆಯಾ? ಇದ್ದರೆ ಗುರುತು ಹಿಡಿಯುವುದು ಹೇಗೆ, ಯಾವಾಗ ನೆಡಬೇಕು, ಎಷ್ಟು ನೆಡಬೇಕು, ಮನೆಯಿಂದ ಎಷ್ಟು ದೂರ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಕಾನುದಾರಿ

ಇದೆ, ಒಂದೇ ಒಂದು. ನಗೇಯಾ ವಾಲಿಚಿಯಾನ. ಹಳೆಯ ಪುಸ್ತಕಗಳಲ್ಲಿ ಪೊಡೊಕಾರ್ಪಸ್ ವಾಲಿಚಿಯಾನಸ್ ಎಂದಿರುತ್ತದೆ, ಎರಡೂ ಒಂದೇ ಮರ. ದಕ್ಷಿಣ ಭಾರತದ ಕಾಡಿನಲ್ಲಿ ತಾನಾಗಿ ಬೆಳೆಯುವ ಕೋನಿಫರ್ ಇದೊಂದೇ. ಈಶಾನ್ಯದ ಕಾಡುಗಳಲ್ಲೂ ಇದೆ.

ಮೊದಲೇ ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಘಟ್ಟದಲ್ಲಿ ಇದರ ಹೆಸರಾದ ನೆಲೆಗಳೆಲ್ಲ ದಕ್ಷಿಣಕ್ಕಿವೆ: ನೀಲಗಿರಿ, ಆನೆಮಲೆ, ಪೆರಿಯಾರ್, ಅಗಸ್ತ್ಯಮಲೆ. ಅಲ್ಲಿನ ದಟ್ಟ ನಿತ್ಯಹರಿದ್ವರ್ಣ ಕಾಡಿನಲ್ಲಿ, ದೊಡ್ಡ ಮರಗಳ ನೆರಳಲ್ಲಿ ಮೊಳೆತು ನಿಧಾನಕ್ಕೆ ಮೇಲೇರುವ ಮರ. ಹಾಗಾಗಿ ‘ಪಶ್ಚಿಮ ಘಟ್ಟದ ಮರ’ ಎನ್ನುವುದು ಸರಿ, ‘ಶಿವಮೊಗ್ಗದ ಕಾನಿನ ಮರ’ ಎಂದು ಫಲಕ ಹಾಕಿದರೆ ತಪ್ಪಾಗುತ್ತದೆ. ಮಳೆ, ಹುಳಿ ಮಣ್ಣು, ಗಾಳಿಯ ತೇವ ಇವೆಲ್ಲ ನಿಮ್ಮ ಕಡೆಯೂ ಅದಕ್ಕೆ ಒಗ್ಗುವಂಥವೇ. ಒಗ್ಗದೇ ಇರುವುದು ಜನವರಿಯಿಂದ ಮೇ ತನಕದ ಒಣ ಕಾಲ. ದಕ್ಷಿಣದ ಆ ಬೆಟ್ಟಗಳಿಗೆ ಹಿಂಗಾರು ಮಳೆಯೂ ಚೆನ್ನಾಗಿ ಸಿಗುತ್ತದೆ, ಒಣ ತಿಂಗಳು ಕಡಿಮೆ. ಆಗುಂಬೆಯಲ್ಲಿ ವರ್ಷಕ್ಕೆ 7,600 ಮಿ.ಮೀ. ಆಸುಪಾಸು ಸುರಿದರೂ ಅದರ ಬಹುಪಾಲು ನಾಲ್ಕು ತಿಂಗಳಲ್ಲೇ ಮುಗಿದುಹೋಗುತ್ತದೆ. ನಿಮ್ಮ ಕೆಲಸವೆಲ್ಲ ಆ ಐದು ಒಣ ತಿಂಗಳು ದಾಟಿಸುವುದರಲ್ಲೇ ಇದೆ.

ಗುರುತು: ಕೋನಿಫರ್ ಎಂದರೆ ಸೂಜಿ ಎಲೆ ಎಂದುಕೊಂಡು ಹುಡುಕಿದರೆ ಸಿಗುವುದಿಲ್ಲ. ಇದರ ಎಲೆ ಅಗಲ, ದಪ್ಪ, ತೊಗಲಿನ ಹಾಗೆ, ಹೊಳಪು, ತುದಿ ಚೂಪು. ಎಲೆಗಳು ಜೋಡಿ ಜೋಡಿಯಾಗಿ ಎದುರುಬದುರು ಇರುತ್ತವೆ. ಒಂದೆಲೆ ಕಿತ್ತು ಬೆಳಕಿಗೆ ಹಿಡಿಯಿರಿ: ನಡುನರ ಇರುವುದಿಲ್ಲ, ಬುಡದಿಂದ ತುದಿಗೆ ತೆಳ್ಳನೆಯ ನರಗಳು ಸಾಲಾಗಿ ಒಂದರ ಪಕ್ಕ ಒಂದು ಓಡುತ್ತವೆ. ಪೈನಿನ ಹಾಗೆ ಮರದಂಥ ಶಂಕುಕಾಯಿಯೂ ಬಿಡುವುದಿಲ್ಲ. ಗೋಲಿಯಂಥ ಒಂದು ಬೀಜ, ಅದರ ಬುಡದಲ್ಲಿ ಉಬ್ಬಿದ ತಿರುಳಿನ ತೊಟ್ಟು, ಅಷ್ಟೇ.

ಮೋಸ ಹೋಗುವುದು ಮೂರು ಕಡೆ. ಒಂದು, ಅಗಾತಿಸ್. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ದೊಡ್ಡ ಮರಗಳಿವೆ, ಆಸ್ಟ್ರೇಲಿಯಾದ ಕಡೆಯದು. ಅದಕ್ಕೂ ನಡುನರ ಇಲ್ಲ, ಹಾಗಾಗಿ ಎಳೆ ಗಿಡದಲ್ಲಿ ಗೊಂದಲ ಸಹಜ. ಅಗಾತಿಸ್ ಎಲೆಯ ತುದಿ ಮೊಂಡು, ತೊಗಟೆಗೆ ಗಾಯವಾದರೆ ರಾಳ ಧಾರಾಳ ಒಸರುತ್ತದೆ. ಎರಡು, ಜಪಾನ್ ಕಡೆಯ ನಗೇಯಾ ನಾಗಿ. ಅಲಂಕಾರಕ್ಕೆ ಕುಂಡದಲ್ಲಿ ಮಾರುತ್ತಾರೆ, ಎಲೆ ಸಣ್ಣದು, ಮೂರಿಂಚಿನ ಆಸುಪಾಸು. ವಾಲಿಚಿಯಾನದ್ದು ಐದಾರು ಇಂಚು, ಎಳೆ ಗಿಡದಲ್ಲಿ ಇನ್ನೂ ಉದ್ದ. ಮೂರು, ಬರೀ ‘ಪೊಡೊಕಾರ್ಪಸ್’ ಎಂದು ಕೊಡುವ ಬೇಲಿ ಗಿಡ. ಅದರ ಎಲೆ ಕಿರಿದು, ನಡುನರ ಎದ್ದು ಕಾಣುತ್ತದೆ. ಬೇಡ.

ನರ್ಸರಿಯವರು ತೋರಿಸಿದ ಕ್ರಿಸ್‌ಮಸ್ ಟ್ರೀ ಅರಾಕೇರಿಯಾ, ನ್ಯೂ ಕ್ಯಾಲೆಡೋನಿಯಾ, ನಾರ್‌ಫೋಕ್ ದ್ವೀಪಗಳಿಂದ ಬಂದದ್ದು. ಸಿಲ್ವರ್ ಓಕ್ ಕೋನಿಫರೇ ಅಲ್ಲ, ಹೂ ಬಿಡುವ ಮರ. ಗಾಳಿ ಮರವೂ ಹಾಗೆಯೇ, ಕಡ್ಡಿ ನೋಡಿ ಪೈನ್ ಅಂದುಕೊಳ್ಳುತ್ತಾರೆ. ಹಿಮಾಲಯದ ದೇವದಾರುವಿಗೆ ನಿಜವಾದ ಚಳಿಗಾಲ ಬೇಕು, ಮಲೆನಾಡಿನ ಸೆಕೆ ಮಳೆಯಲ್ಲಿ ಅದನ್ನು ಹಿಂಸಿಸುವುದು ಬೇಡ.

ಗಿಡಕ್ಕಾಗಿ ಕಾಡಿಗೆ ಕೈ ಹಾಕಬೇಡಿ. ಮೀಸಲು ಕಾಡಿನಿಂದ, ಅಭಯಾರಣ್ಯದಿಂದ ಸಸಿಯಾಗಲಿ ಬೀಜವಾಗಲಿ ತರುವುದು ಅಪರಾಧ. ಅಪರೂಪದ ಮರದ ಕೆಳಗೆ ಎದ್ದ ಹತ್ತು ಸಸಿ ಕಿತ್ತರೆ ಅಲ್ಲಿಯ ಮುಂದಿನ ತಲೆಮಾರೇ ಹೋದ ಹಾಗೆ. ಘಟ್ಟದ ಮರಗಳನ್ನೇ ಬೆಳೆಸುವ ನರ್ಸರಿಗಳಲ್ಲಿ ಸಸ್ಯಶಾಸ್ತ್ರದ ಹೆಸರು ಹೇಳಿಯೇ ಕೇಳಿ, ಬೀಜದ ಮೂಲ ಎಲ್ಲಿಯದು ಎಂದೂ ಕೇಳಿ.

ಬಸಿಗಾಲುವೆ

ಗುರುತಿನ ಬಗ್ಗೆ ಮೇಲಿನವರು ಹೇಳಿದ್ದಾರೆ, ನೆಡುವುದರ ಬಗ್ಗೆ ನಾನು ಹೇಳುತ್ತೇನೆ.

ಒರತೆ ಏಳುವ ತಗ್ಗು ಕೈಬಿಡಿ. ಈ ಮರಕ್ಕೆ ತೇವ ಬೇಕು, ನಿಂತ ನೀರು ಆಗದು. ಬ್ಯಾಣದ ನೆತ್ತಿಯೂ ಬೇಡ, ಅಲ್ಲಿ ಬಿಸಿಲು, ಗಾಳಿ ಎರಡೂ ಹೆಚ್ಚು. ಹಿತ್ತಲು ಮುಗಿದು ಬ್ಯಾಣ ಏರಲು ಶುರುವಾಗುವ ಜಾಗ, ಪೂರ್ವಕ್ಕೋ ಉತ್ತರಕ್ಕೋ ಇಳಿಜಾರು ಇದ್ದರೆ ಅದೇ ಸರಿ. ಪಶ್ಚಿಮಕ್ಕೆ ಹಲಸು, ಮಾವು ಇಂಥ ದೊಡ್ಡ ಮರವಿದ್ದು ಮಧ್ಯಾಹ್ನದ ನೆರಳು ಬಿದ್ದರೆ ಇನ್ನೂ ಒಳ್ಳೆಯದು.

ತೆಂಗಿಗೆ ತೆಗೆದ ಹಾಗೆ ಮೂರಡಿ ಆಳ ಹೊಡೆಸಬೇಡಿ. ನಿಮ್ಮಲ್ಲಿ ಒಂದೂವರೆ ಅಡಿಗೆ ಜಂಬಿಟ್ಟಿಗೆ ಸಿಗುತ್ತದೆ. ಅದನ್ನು ಕಡಿದು ಆಳ ಮಾಡಿದರೆ ಗುಂಡಿ ತೊಟ್ಟಿಯಾಗುತ್ತದೆ, ಸುತ್ತಲಿನ ನೀರೆಲ್ಲ ಅದಕ್ಕೇ ಇಳಿಯುತ್ತದೆ. ಅಗಲ ಮೂರಡಿ, ಆಳ ಒಂದೂವರೆ ಅಡಿ ಸಾಕು. ತಳದಲ್ಲಿ ಹಾರೆಯಿಂದ ನಾಲ್ಕೈದು ಕಡೆ ಒಂದೊಂದಡಿ ತೂತು ಹೊಡೆಯಿರಿ, ಬೇರಿಗೂ ದಾರಿ, ನೀರಿಗೂ ದಾರಿ. ಗುಂಡಿಯಿಂದ ಆರಡಿ ಮೇಲೆ, ಇಳಿಜಾರಿಗೆ ಅಡ್ಡವಾಗಿ ಅರ್ಧಚಂದ್ರಾಕಾರದ ಕಾಲುವೆ: ಒಂದಡಿ ಅಗಲ, ಒಂದಡಿ ಆಳ. ಬ್ಯಾಣದಿಂದ ಹರಿದು ಬರುವ ನೀರು ಬುಡಕ್ಕೆ ಬರದೆ ಪಕ್ಕಕ್ಕೆ ಹೋಗಬೇಕು.

ತುಂಬುವ ಮಣ್ಣು: ಮೇಲ್ಮಣ್ಣು ನಾಲ್ಕು ಬುಟ್ಟಿಗೆ ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಬುಟ್ಟಿ, ಎಲೆಗೊಬ್ಬರ ಒಂದು ಬುಟ್ಟಿ. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು ಬರುತ್ತದೆ, ಎಳೆ ಬೇರು ಉಳಿಯುವುದಿಲ್ಲ. ಅಡಿಕೆಗೆ ಹಾಕಿದ ಹಾಗೆ ಸುಣ್ಣ ಹಾಕಬೇಡಿ, ಇದು ಹುಳಿ ಮಣ್ಣಿನ ಗಿಡ. ಸುಣ್ಣ ಹೆಚ್ಚಾದರೆ ಹೊಸ ಎಲೆ ನರ ಮಾತ್ರ ಹಸಿರಾಗಿ ಉಳಿದು ಮಿಕ್ಕಿದ್ದು ಬಿಳಿಚಿಕೊಳ್ಳುತ್ತದೆ, ಮಣ್ಣಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗದ ಹಾಗಾಗುತ್ತದೆ. ಗುಂಡಿ ತುಂಬಿ ನೆಲಮಟ್ಟದಿಂದ ಒಂದಡಿ ಎತ್ತರ, ನಾಲ್ಕಡಿ ಅಗಲದ ದಿಬ್ಬ ಮಾಡಿ, ಗಿಡ ದಿಬ್ಬದ ಮೇಲೆ. ಮೊದಲ ಮಳೆಗಾಲಕ್ಕೇ ಎರಡು ಮೂರು ಇಂಚು ಕುಸಿಯುತ್ತದೆ. ಕುಸಿದ ಮೇಲೂ ಬುಡ ನೆಲಕ್ಕಿಂತ ಮೇಲಿರಬೇಕು.

ಕಾಲ: ಮೃಗಶಿರಾ ಮಳೆ ಹಿಡಿದ ಕೂಡಲೇ ನೆಟ್ಟುಬಿಡಿ. ನಾಲ್ಕು ತಿಂಗಳು ನೀರು ಹಾಕುವ ಕೆಲಸ ಇಲ್ಲ, ಬೇರು ಇಳಿದಿರುತ್ತದೆ.

ಬೀಜದಬುಟ್ಟಿ

ಬಸಿಗಾಲುವೆಯವರೇ, ಉಳಿದದ್ದೆಲ್ಲ ಒಪ್ಪಿದೆ, ಕಾಲದ ಮಾತು ಮಾತ್ರ ಒಪ್ಪುವುದಿಲ್ಲ. ಶಿವಮೊಗ್ಗ, ಭದ್ರಾವತಿ ಕಡೆಯ ಮಳೆಗೆ ಜೂನ್ ಸರಿ. ಆಗುಂಬೆ, ಹುಲಿಕಲ್ ಸುತ್ತಿನಲ್ಲಿ ಆರಿದ್ರಾದಿಂದ ಆಶ್ಲೇಷದ ತನಕ ಬಿಡುವಿಲ್ಲದೆ ಹೊಡೆಯುತ್ತದೆ. ತಿಂಗಳುಗಟ್ಟಲೆ ಬಿಸಿಲೇ ಇಲ್ಲ, ಮಣ್ಣಿನಲ್ಲಿ ಗಾಳಿಯೇ ಆಡುವುದಿಲ್ಲ. ಆಗ ತಾನೇ ಬೇರು ಕದಲಿದ ಗಿಡ ಆ ಕಾಲದಲ್ಲಿ ಹೊಸ ಬೇರು ಬಿಡುವ ಬದಲು ಇದ್ದ ಬೇರನ್ನೇ ಕಳೆದುಕೊಳ್ಳುತ್ತದೆ. ಕೆಳಗೆ ಅಡಿಕೆ ಇದೆ ಎಂದಿದ್ದಾರೆ. ಕೊಳೆ ರೋಗ ತರುವ ಫೈಟೋಫ್ತೋರಾ ಅದೇ ಹೊತ್ತಿನಲ್ಲಿ ನೀರಿನ ಜೊತೆ ಓಡಾಡುತ್ತಿರುತ್ತದೆ.

ನನ್ನ ಸಲಹೆ: ಜೂನ್‌ನಲ್ಲಿ ಗುಂಡಿ ತೆಗೆದು ತುಂಬದೆ ಹಾಗೇ ಬಿಡಿ. ಪುನರ್ವಸು, ಪುಷ್ಯ ಮಳೆಯಲ್ಲಿ ಹೊಳವಾದ ದಿನ ಹೋಗಿ ನೋಡಿ. ಮಳೆ ನಿಂತು ಒಂದು ದಿನ ಕಳೆದ ಮೇಲೂ ಗುಂಡಿಯಲ್ಲಿ ನೀರು ನಿಂತಿದ್ದರೆ ಆ ಜಾಗ ಆಗದು, ಇನ್ನೂ ಮೇಲಕ್ಕೆ ಹೋಗಿ. ಬಸಿದಿದ್ದರೆ ಆಗಸ್ಟ್ ಕೊನೆಗೆ ತುಂಬಿ, ಹುಬ್ಬ ಅಥವಾ ಉತ್ತರಾ ಮಳೆಯಲ್ಲಿ, ಅಂದರೆ ಸೆಪ್ಟೆಂಬರ್‌ನಲ್ಲಿ ನೆಡಿ. ನೀರಿನ ವ್ಯವಸ್ಥೆ ಇಲ್ಲದವರಿಗೆ ಇದು ಆಗದ ಮಾತು, ಇವರಿಗೆ ಬಾವಿ, ಡ್ರಿಪ್ ಎರಡೂ ಇದೆ.

ಎರಡು ವರ್ಷದ, ಒಂದೂವರೆ ಎರಡು ಅಡಿಯ ಗಿಡ ಆರಿಸಿ. ಚೀಲದಲ್ಲೇ ಐದು ವರ್ಷ ಬೆಳೆದ ಎತ್ತರದ ಗಿಡ ನೋಡಲು ಚೆಂದ, ಒಳಗೆ ತಾಯಿಬೇರು ಸ್ಪ್ರಿಂಗಿನ ಹಾಗೆ ಸುತ್ತಿರುತ್ತದೆ. ಅದು ಹತ್ತು ಹದಿನೈದು ವರ್ಷದ ನಂತರ ಗಾಳಿಗೆ ಬುಡಸಮೇತ ವಾಲುತ್ತದೆ. ನೆಡುವಾಗ ಚೀಲದ ತಳವನ್ನು ಒಂದಿಂಚು ಕತ್ತರಿಸಿ ತೆಗೆಯಿರಿ, ಸುತ್ತಿದ ಬೇರೂ ಅದರ ಜೊತೆ ಹೋಗುತ್ತದೆ. ಪಕ್ಕದ ಪ್ಲಾಸ್ಟಿಕ್ ಉದ್ದಕ್ಕೆ ಸೀಳಿ, ಮಣ್ಣಿನ ಗಡ್ಡೆ ಒಡೆಯದ ಹಾಗೆ ಇಳಿಸಿ.

ಬೇರಿನ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಮಣಿಗಳು ಸಾಲಾಗಿ ಕಂಡರೆ ಹೆದರಬೇಡಿ. ಗಂಟುಬೇರು ರೋಗ ಎಂದು ಬೇರಿನ ಜಂತುಹುಳುವಿನ (ನೆಮಟೋಡ್) ಔಷಧಿ ಹಾಕಿ ಒಳ್ಳೆಯ ಗಿಡ ಹಾಳು ಮಾಡುತ್ತಾರೆ. ನಗೇಯಾ ಸೇರಿದ ಪೊಡೊಕಾರ್ಪ್ ಕುಟುಂಬದ ಮರಗಳ ಬೇರಿನ ಸಹಜ ಲಕ್ಷಣ ಅದು, ಬೇರಿಗೆ ಸಾರಜನಕ-ರಂಜಕ ಒದಗಿಸುವ ಒಳ್ಳೆಯ ಶಿಲೀಂಧ್ರ ಅದರಲ್ಲಿ ವಾಸ ಮಾಡುತ್ತದೆ. ಜಂತುಹುಳುವಿನ ಗಂಟು ಸೊಟ್ಟಪಟ್ಟ, ದೊಡ್ಡ ಸಣ್ಣ ಬೆರೆತಿರುತ್ತದೆ, ಬೇರೇ ಊದಿಕೊಂಡಿರುತ್ತದೆ. ಆ ಶಿಲೀಂಧ್ರ ಬೇಗ ಹತ್ತಲಿ ಎಂದರೆ ನಿಮ್ಮದೇ ಜಾಗದ ಹಳೆಯ ಕಾಡುಮರದ ಬುಡದಿಂದ ಎರಡು ಬೊಗಸೆ ಮಣ್ಣು ತಂದು ಬೇರಿನ ಸುತ್ತ ಹಾಕಿ. ಅಡಿಕೆ ತೋಟದ ಮಣ್ಣು ಮಾತ್ರ ಖಂಡಿತ ಬೇಡ, ಕಾರಣ ಮೇಲೆ ಹೇಳಿದೆ. ಸೂಪರ್ ಫಾಸ್ಫೇಟ್, ರಾಕ್ ಫಾಸ್ಫೇಟ್ ಸುರಿಯುವುದೂ ಬೇಡ, ರಂಜಕ ಸುಲಭಕ್ಕೆ ಸಿಕ್ಕರೆ ಗಿಡ ಶಿಲೀಂಧ್ರವನ್ನು ಹತ್ತಿರ ಸೇರಿಸುವುದಿಲ್ಲ.

ಎಷ್ಟು ಗಿಡ ಎಂದು ಕೇಳಿದ್ದೀರಿ. ಈ ಮರದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಸಸಿಯಲ್ಲಿ ಗೊತ್ತಾಗುವುದಿಲ್ಲ. ಅರ್ಧಕ್ಕರ್ಧ ಎಂದು ಹಿಡಿದರೆ, ಮೂರು ನೆಟ್ಟಾಗ ಎರಡೂ ಇರುವ ಸಾಧ್ಯತೆ ನೂರಕ್ಕೆ 75, ಐದು ನೆಟ್ಟರೆ ಸುಮಾರು 94. ನೆರಳಿಗೆ, ಚೆಂದಕ್ಕೆ ಒಂದು ಸಾಕು. ಬೀಜ ಆಗಲಿ ಎಂದರೆ ಐದು ನೆಡಿ. ಪರಾಗ ಗಾಳಿಯಲ್ಲಿ ಹೋಗುತ್ತದೆ, ಆದ್ದರಿಂದ ಹಿತ್ತಲಿನ ಒಂದೊಂದು ಮೂಲೆಗೆ ಚದುರಿಸದೆ 20–25 ಅಡಿ ಅಂತರದಲ್ಲಿ ಗುಂಪಾಗಿ ಇರಲಿ.

ಬೀಜದಿಂದಲೇ ಮಾಡುವವರಿಗೆ: ಒಣಗಿಸಿ ಡಬ್ಬಿಯಲ್ಲಿಟ್ಟ ಬೀಜ ನಂಬಬೇಡಿ, ತೇವ ಹೋದರೆ ಜೀವ ಹೋಗುತ್ತದೆ. ಹಣ್ಣಾಗಿ ಬಿದ್ದದ್ದರ ತಿರುಳು ಉಜ್ಜಿ ತೊಳೆದು ಅದೇ ವಾರ ಹಾಕಬೇಕು. ಮರಳು ಒಂದು ಪಾಲು, ಎಲೆಗೊಬ್ಬರ ಒಂದು ಪಾಲು, ಬೀಜದ ಮೇಲೆ ಅರ್ಧ ಇಂಚು ಮುಚ್ಚಿಗೆ, ನೆರಳು. ಎಲ್ಲ ಒಟ್ಟಿಗೆ ಮೊಳೆಯುವುದಿಲ್ಲ, ತಿಂಗಳುಗಟ್ಟಲೆ ಒಂದೊಂದಾಗಿ ಏಳುತ್ತವೆ. ಎರಡು ತಿಂಗಳಿಗೆ ಏನೂ ಕಾಣಲಿಲ್ಲ ಎಂದು ತೊಟ್ಟಿ ಬಗ್ಗಿಸಬೇಡಿ. ಇಲಿ, ಹೆಗ್ಗಣ ಬೀಜ ಹೊತ್ತೊಯ್ಯುತ್ತವೆ, ಮೇಲೆ ಕಬ್ಬಿಣದ ಜಾಲರಿ ಹಾಕಿ. ಕಡ್ಡಿಯಿಂದ ಮಾಡುವುದಾದರೆ ನೆಟ್ಟಗೆ ಮೇಲೆ ಹೋಗುವ ಚಿಗುರಿನದ್ದೇ ಆಗಬೇಕು. ಅಡ್ಡ ಕೊಂಬೆಯ ಕಡ್ಡಿ ಬೇರು ಬಿಟ್ಟರೂ ಅಡ್ಡಕ್ಕೇ ಬೆಳೆಯುವ ಹಟ ಬಿಡುವುದಿಲ್ಲ.

ಬಸಿಗಾಲುವೆ

ಬೀಜದಬುಟ್ಟಿಯವರು ಹೇಳಿದ್ದು ಸರಿ. ಇವರದು ಆಗುಂಬೆ ಮಗ್ಗುಲು ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಲ್ಲಿಗೆ ಸೆಪ್ಟೆಂಬರೇ ಆಗಲಿ, ಗುಂಡಿಯಲ್ಲಿ ನೀರು ನೋಡುವ ಉಪಾಯವೂ ಒಳ್ಳೆಯದು. ಒಂದೇ ತಿದ್ದುಪಡಿ, ‘ಸಾರಜನಕ-ರಂಜಕ’ ಅಲ್ಲ, ಮುಖ್ಯವಾಗಿ ರಂಜಕ. ಆ ಮಣಿಗಳನ್ನು ಹುರುಳಿ, ಅಲಸಂದೆ ಬೇರಿನ ಸಾರಜನಕದ ಗಂಟು ಎಂದು ಯಾರೂ ತಿಳಿಯಬಾರದು.

ನೆರಳಿನ ವಿಷಯ ಬಿಟ್ಟುಹೋಗಿತ್ತು. ಕಾಡಿನ ಅಡಿಯಲ್ಲಿ ಹುಟ್ಟುವ ಗಿಡವನ್ನು ಬ್ಯಾಣದ ಬಿಸಿಲಿಗೆ ಒಮ್ಮೆಲೇ ಇಟ್ಟರೆ ಮಾರ್ಚ್‌ನಲ್ಲಿ ಎಲೆಯ ಮೇಲ್ಮೈ ಸುಟ್ಟು ಕಂದು ತೇಪೆ ಬೀಳುತ್ತದೆ. ಜೂನ್‌ನಲ್ಲೇ ಗಿಡದ ಜಾಗದ ಪಶ್ಚಿಮಕ್ಕೆ, ದಕ್ಷಿಣಕ್ಕೆ ಐದಡಿ ದೂರದಲ್ಲಿ ಗ್ಲಿರಿಸಿಡಿಯಾ ಗೂಟ ಊರಿ, ಬೇಸಿಗೆಗೆ ಸೊಪ್ಪಾಗಿರುತ್ತದೆ. ಹಿಂದೆ ಹಾಲವಾಣ ಹಾಕುತ್ತಿದ್ದರು. ಎಲೆಯಲ್ಲಿ ಗಂಟು ಮಾಡುವ ಕಣಜ ಬಂದ ಮೇಲೆ ಹಾಲವಾಣದ ನೆರಳು ನೆಚ್ಚಿಕೊಳ್ಳುವ ಹಾಗಿಲ್ಲ. ಮೊದಲ ಬೇಸಿಗೆಗೆ ನಾಲ್ಕು ಗೂಟ ನಿಲ್ಲಿಸಿ 50 ಪರ್ಸೆಂಟ್ ನೆರಳು ಬಲೆ ಕಟ್ಟಿ, ಮೇಲೆ ಮತ್ತು ಪಶ್ಚಿಮದ ಮಗ್ಗುಲಿಗೆ ಮಾತ್ರ. ಪೂರ್ವ ತೆರೆದಿರಲಿ. ನಾಲ್ಕನೆಯ ವರ್ಷದಿಂದ ಗ್ಲಿರಿಸಿಡಿಯಾ ಸವರುತ್ತಾ ಬೆಳಕು ಹೆಚ್ಚಿಸಿ.

ನೀರು: ಡಿಸೆಂಬರ್ ಕೊನೆಯಿಂದ. ಗಂಟೆಗೆ ನಾಲ್ಕು ಲೀಟರಿನ ಎರಡು ಡ್ರಿಪ್ಪರ್, ಬುಡದಿಂದ ಒಂದಡಿ ದೂರದಲ್ಲಿ ಆಚೆ ಒಂದು ಈಚೆ ಒಂದು. ಮೊದಲ ಬೇಸಿಗೆ ವಾರಕ್ಕೆ ಎರಡು ಸಲ ಒಂದೂವರೆ ಗಂಟೆ, ಸಲಕ್ಕೆ 12 ಲೀಟರ್ ಆಗುತ್ತದೆ. ಎರಡನೆಯ ವರ್ಷ ಡ್ರಿಪ್ಪರ್ ಎರಡಡಿಗೆ ಸರಿಸಿ, ವಾರಕ್ಕೆ ಒಂದು ಸಲ ಮೂರು ಗಂಟೆ. ದಿನಾ ಸ್ವಲ್ಪ ಸ್ವಲ್ಪ ಕೊಟ್ಟರೆ ಬೇರು ಮೇಲೆಯೇ ಉಳಿಯುತ್ತದೆ, ಒಂದು ವಾರ ಪಂಪು ಕೆಟ್ಟರೂ ಗಿಡ ಬಾಡುತ್ತದೆ.

ಮುಚ್ಚಿಗೆಗೆ ದರಗು (ಒಣ ಎಲೆ) ನಾಲ್ಕಿಂಚು ದಪ್ಪ, ಸುತ್ತ ಎರಡಡಿ. ಬುಡದಿಂದ ನಾಲ್ಕಿಂಚು ಬಿಟ್ಟೇ ಹಾಕಿ. ಕಾಂಡಕ್ಕೆ ತಾಗಿದರೆ ಬೇಸಿಗೆಯಲ್ಲಿ ಗೆದ್ದಲು, ಮಳೆಗಾಲದಲ್ಲಿ ಕೊಳೆ. ಜೂನ್‌ನಲ್ಲಿ ಮುಚ್ಚಿಗೆಯನ್ನು ದಿಬ್ಬದ ಅಂಚಿಗೆ ಎಳೆದು ಮಳೆ ಮುಗಿದ ಮೇಲೆ ಮತ್ತೆ ಸೇರಿಸಿ.

ಬ್ಯಾಣದಂಚು

ತುಂಬಾ ಉಪಕಾರ ಆಯಿತು. ಎರಡು ಸಂಶಯ. ಎಲೆ ಹಳದಿಯಾದರೆ ನೀರು ಹೆಚ್ಚೋ ಕಡಿಮೆಯೋ ಎಂದು ತಿಳಿಯುವುದು ಹೇಗೆ? ಇಲ್ಲಿ ಮಂಗ, ಹಂದಿ ಎರಡೂ ಇವೆ, ಏನು ಮಾಡಬೇಕು? ಮನೆಯಿಂದ ದೂರದ ಲೆಕ್ಕವೂ ಬೇಕಿತ್ತು.

ಬೀಜದಬುಟ್ಟಿ

ರಂಜಕದ ತಿದ್ದುಪಡಿ ಒಪ್ಪಿದೆ, ನನ್ನದೇ ತಪ್ಪು.

ಹಳದಿ ಯಾವ ಕಾಲದಲ್ಲಿ, ಯಾವ ಎಲೆಯಲ್ಲಿ ಎಂಬುದೇ ಉತ್ತರ. ಜುಲೈ–ಆಗಸ್ಟ್‌ನಲ್ಲಿ ಕೆಳಗಿನ ಎಲೆ ಹಳದಿಯಾಗಿ, ಮೆತ್ತಗಾಗಿ, ಮುಟ್ಟಿದರೆ ಉದುರಿದರೆ ಅದು ನೀರು ನಿಂತದ್ದು. ಬುಡದ ತೊಗಟೆಯನ್ನು ಉಗುರಲ್ಲಿ ಕೆರೆದು ನೋಡಿ. ಹಸಿರು ಕಂಡರೆ ಕಾಲುವೆ ಆಳ ಮಾಡಿ ಕಾಯಿರಿ. ಕಂದಾಗಿ ನೀರುನೀರಾಗಿದ್ದರೆ ಬುಡಕೊಳೆ. ಆಗ ದಿಬ್ಬದ ಮಣ್ಣು ಸರಿಸಿ ಬುಡಕ್ಕೆ ಗಾಳಿ ಆಡಿಸಿ. ಅಡಿಕೆಗೆ ಕಲಸಿದ ಒಂದು ಪರ್ಸೆಂಟ್ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಒಂದೆರಡು ಲೀಟರ್ ಬುಡಕ್ಕೆ ಹೊಯ್ಯಬಹುದು. ಅದರಲ್ಲಿ ಸುಣ್ಣ ಇರುವುದರಿಂದ ಒಂದು ಸಲ ಸಾಕು, ಪ್ರತಿ ಔಷಧಿ ಹೊಡೆತಕ್ಕೂ ಅಭ್ಯಾಸ ಮಾಡಿಕೊಳ್ಳಬೇಡಿ. ಬೇಸಿಗೆಯಲ್ಲಿ ತುದಿಯಿಂದ ಒಣಗುತ್ತಾ ಗರಿಗರಿಯಾದರೆ ನೀರು ಕಡಿಮೆ. ಹೊಸ ಎಲೆ ಮಾತ್ರ ಬಿಳಿಚಿದ್ದರೆ ಸುಣ್ಣದ ದೋಷ. ವರ್ಷಕ್ಕೊಮ್ಮೆ ತೀರ ಒಳಗಿನ ನಾಲ್ಕು ಹಳೆಯ ಎಲೆ ಹಣ್ಣಾಗಿ ಬೀಳುವುದು ಸಹಜ.

ಮೊದಲ ಮೂರು ನಾಲ್ಕು ವರ್ಷ ಗಿಡ ಬೆಳೆಯುತ್ತಲೇ ಇಲ್ಲ ಅನ್ನಿಸುತ್ತದೆ. ಆ ಸಮಯಕ್ಕೇ ಯೂರಿಯಾ ಹಾಕುವವರು ಹೆಚ್ಚು. ಹಾಕಬೇಡಿ. ಎಳಸು ಚಿಗುರು ಉದ್ದಕ್ಕೆ ಬಂದು ಗಾಳಿಗೆ ಬಗ್ಗುತ್ತದೆ, ಬೇಸಿಗೆಗೆ ಮೊದಲು ಬಾಡುವುದೂ ಅದೇ.

ಕಾನುದಾರಿ

ದೂರದ ಲೆಕ್ಕ: ಕಾಡಿನಲ್ಲಿ ನೂರಡಿ ಮೀರುವ ಮರ. ಮನೆ, ಕೊಟ್ಟಿಗೆ, ಬಾವಿಕಟ್ಟೆಯಿಂದ 40 ಅಡಿ, ಪಕ್ಕದವರ ಗಡಿಯಿಂದ 20 ಅಡಿ ಬಿಡಿ. ಕರೆಂಟ್ ಲೈನಿನ ಕೆಳಗೆ ನೆಟ್ಟರೆ ಒಂದಲ್ಲ ಒಂದು ದಿನ ತಲೆ ಕಡಿಸಿಕೊಳ್ಳುವುದು ಖಂಡಿತ, ಇದು ತುದಿ ಕಡಿದರೆ ಅಂದ ಕೆಡುವ ಜಾತಿ. ಅಡಿಕೆ ತೋಟದ ದಕ್ಷಿಣಕ್ಕೂ ಪಶ್ಚಿಮಕ್ಕೂ ಬೇಡ, ಮರ ದೊಡ್ಡದಾದಾಗ ಅಡಿಕೆಗೆ ಬೆಳಕು ಕಡಿಮೆಯಾಗುತ್ತದೆ. ಇನ್ನೊಂದು, ನಮ್ಮ ರಾಜ್ಯದ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿಯ ಪ್ರಶ್ನೆ ಬರುತ್ತದೆ. ಮುಂದೆ ಮನೆ ವಿಸ್ತರಿಸುವ ಯೋಚನೆ ಇದ್ದರೆ ಆ ಕಡೆ ನೆಡದಿರುವುದೇ ಜಾಣತನ.

ಮಂಗ ಎಲೆ ತಿನ್ನುವುದಕ್ಕಿಂತ ಹೆಚ್ಚಾಗಿ ತುದಿ ಮುರಿಯುತ್ತದೆ. ಗಿಡದ ಪಕ್ಕ ಅದಕ್ಕಿಂತ ಎತ್ತರದ ಎರಡು ಬಿದಿರ ಗಳ ನಿಲ್ಲಿಸಿದರೆ ಮಂಗ ಕೂರುವುದು, ಜಗ್ಗುವುದು ಗಳದ ಮೇಲಾಗುತ್ತದೆ. ಆದರೂ ಮುರಿದರೆ ಕೆಳಗಿಂದ ಎರಡು ಮೂರು ತುದಿ ಏಳುತ್ತವೆ. ಅರ್ಧ ಅಡಿ ಆಗುವ ತನಕ ಬಿಟ್ಟು, ನೆಟ್ಟಗಿರುವ ಒಂದನ್ನು ಇಟ್ಟುಕೊಂಡು ಉಳಿದವನ್ನು ಚೂಪು ಕತ್ತಿಯಲ್ಲಿ ತೆಗೆಯಿರಿ. ಎರಡು ತುದಿ ಬಿಟ್ಟರೆ ಕವಲು ಮೂಡಿ ಮುಂದೆ ಮಳೆಗಾಲದ ಗಾಳಿಗೆ ಅಲ್ಲೇ ಸೀಳುತ್ತದೆ. ಹಂದಿಗೆ ಬೇಕಾದದ್ದು ಗಿಡ ಅಲ್ಲ, ಮುಚ್ಚಿಗೆಯಡಿಯ ಎರೆಹುಳು. ದಿಬ್ಬದ ಸುತ್ತ ಎರಡಡಿ ಎತ್ತರದ ತಂತಿ ಬಲೆ, ಅದರ ಬುಡ ಅರ್ಧ ಅಡಿ ಮಣ್ಣೊಳಗೆ ಹೂತಿರಬೇಕು. ಬರೀ ನಿಲ್ಲಿಸಿದರೆ ಮೂತಿಯಲ್ಲಿ ಎತ್ತಿಬಿಡುತ್ತದೆ.

ಐದು ಮರದ ನಡುವಿನ ಜಾಗಕ್ಕೆ ಹೈಗ, ಗುಳಮಾವು, ಧೂಪ, ಉಪ್ಪಾಗೆ ಸೇರಿಸಿ. ನಗೇಯಾ ಒಂಟಿಯಾಗಿ ಬಯಲಲ್ಲಿ ನಿಲ್ಲುವ ಮರವಲ್ಲ, ಸುತ್ತ ಹಸಿರು ಇದ್ದಷ್ಟೂ ಬೇಸಿಗೆಯ ಗಾಳಿ ತಂಪಾಗಿರುತ್ತದೆ. ಅಕೇಶಿಯಾ ಮಾತ್ರ ಹತ್ತಿರ ಬೇಡ.

ಯಾರೂ ಹೇಳದ ಒಂದು ವಿಷಯ ಬೆಂಕಿ. ನಿಮ್ಮ ಬ್ಯಾಣ ಮಾರ್ಚ್‌ಗೆ ಒಣಗುತ್ತದೆ ಎಂದಿರಿ. ಇದರ ತೊಗಟೆ ತೆಳು, ಹುಲ್ಲಿನ ಬೆಂಕಿ ಒಂದು ಸಲ ಬುಡ ಸವರಿದರೂ ಎಳೆ ಮರ ಉಳಿಯುವುದು ಕಷ್ಟ. ಜನವರಿ ಕೊನೆಯೊಳಗೆ ಗುಂಪಿನ ಮೇಲ್ಬದಿಗೆ ಹತ್ತಡಿ ಅಗಲ ಹುಲ್ಲು ಸವರಿ, ಮಣ್ಣು ಕಾಣುವ ಹಾಗೆ ಕೆರೆದು ಬೆಂಕಿದಾರಿ ಮಾಡಿ. ಸವರಿದ ಹುಲ್ಲನ್ನು ಅಲ್ಲೇ ರಾಶಿ ಹಾಕದೆ ಕೊಟ್ಟಿಗೆಗೆ ಸಾಗಿಸಿ.